ಹಾಸಿನ ಎದುರು ಬದಿಗೆ ನಿಂತವರು ಯಾರು?

"ಬುಡು ಸಾಮಿ, ಸಾಕು ಬುಡು! ನನ್ನ ಉಣ್ಣೆಯೆಲ್ಲ ಜಡೆ ಹಾಕ್ಬುಟ್ಟೆ!"

ಕರಿಯಕ್ಕನ ಕೂಗಿಗೆ ಬೇವಿನ ಮರದ ಕೆಳಗೆ ಮಲಗಿದ್ದ ನಾಯಿ ಎದ್ದು ಜಾಗ ಬದಲಾಯಿಸಿತು. ರೇಣುಕಯ್ಯ ಮಾತ್ರ ಕುಂಚ ಕೆಳಗಿಡಲಿಲ್ಲ. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೀಸೆಗೆಲ್ಲ ಹುಣಸೆಬೀಜದ ಗಂಜಿ ಮೆತ್ತಿಕೊಂಡು, ಬೀದಿಯುದ್ದಕ್ಕೂ ಎಳೆದು ಕಟ್ಟಿದ್ದ ಕಂಬಳಿ ಹಾಸಿನ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಓಡುತ್ತಿದ್ದ.

ಹಾಸು ಅಂದರೆ ಮಗ್ಗಕ್ಕೆ ಏರಿಸುವ ಮುಂಚಿನ ಉದ್ದನೂಲು. ಇದು ಹದಿನಾರು ಮೊಳದ ಕರಿ ಉಣ್ಣೆ. ಗಂಜಿ ಸವರಿ, ಒಣಗುವವರೆಗೂ ಕುಂಚ ಎಳೆಯುತ್ತಲೇ ಇದ್ದರೆ ಎಳೆಗೆ ಗಟ್ಟಿತನ ಬರುತ್ತದೆ. ರೇಣುಕಯ್ಯನ ಕೈಯಲ್ಲಿ ಅದಕ್ಕೆ ಬಂದದ್ದು ಬರೀ ಗಂಟು.

"ಇನ್ನೊಂದು ಸಲ ಕರಿಯಕ್ಕ. ಈಗ ಜೋರಾಗಿ ಓಡ್ತೀನಿ."

"ಕುದುರೆ ಹಂಗೆ ಓಡಿದ್ರೂ ಆಗಕಿಲ್ಲ ಕಣ್ ಸಾಮಿ! ನೀನು ಆ ಕಡೆ ಹೋಗಿ ಕುಂಚ ಇಡಾಷ್ಟ್ರಲ್ಲಿ ಈ ಕಡೇದು ಅಂಟ್ಕಂಡಿರ್ತದೆ. ಎರಡು ಬದಿಗೂ ಒಂದೊಂದು ಜನ ಬೇಕು. ನಮ್ಮಜ್ಜಿ ಕಾಲ್ದಿಂದ ಇಂಗೇಯ."

ಜಗಲಿಯ ಮೇಲೆ ಕೂತಿದ್ದ ಟೈಪಿಸ್ಟು ರಾಮಾಂಜಿನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳ ಪಕ್ಕದಲ್ಲಿ ಬಿದಿರುಬುಟ್ಟಿ, ಬುಟ್ಟಿಯೊಳಗೆ ಟೈಪ್‌ರೈಟರ್. ದೊಡ್ಡೇರಿ ಬಸ್ಸಿನಲ್ಲಿ ಕಂಡಕ್ಟರು ಅದನ್ನು ಕೋಳಿಬುಟ್ಟಿ ಅಂದುಕೊಂಡು ಮೇಲಕ್ಕೆ ಹಾಕು ಅಂದಿದ್ದ. "ಕೋಳಿನೇ ಅಪ್ಪಾ, ಆದರೆ ಇದು ಇಡೋದು ಅಕ್ಷರ" ಅಂದು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು.

"ಚಾಲು ರೇಣುಕಯ್ಯನೋರೆ, ಚಾಲು," ಅಂದಳು, ಸಾಕು ಎನ್ನುವುದಕ್ಕೆ ತನ್ನ ಊರ ಕಡೆಯ ತೆಲುಗಿನಲ್ಲಿ. "ಮೂವತ್ತೊಂದು ವರ್ಷ ಕೋರ್ಟಿನ ಅಮೀನರಾಗಿ ಸಮನ್ಸು ಹಂಚಿದ ಕೈ ಅದು. ಕಾಗದ ಕೊಡೋಕೆ ಬರ್ತದೆ, ಕಂಬಳಿಗೆ ಬರಲ್ಲ."

ರೇಣುಕಯ್ಯ ಕುಂಚವನ್ನು ಮಡಕೆಯಲ್ಲಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡ. ಅವನ ಮುಖ ನೋಡಿದರೆ ಸೋತವನ ಹಾಗಿರಲಿಲ್ಲ. ಮದುವೆ ಊಟಕ್ಕೆ ಎಲೆ ಹಾಕಿಸಿಕೊಂಡು ಕೂತವನ ಹಾಗಿತ್ತು.

"ಅಂದ್ರೆ ಒಬ್ಬರೇ ಹಾಸು ಸವರೋಕೆ ಆಗೋದೇ ಇಲ್ಲ?"

"ಎಷ್ಟು ಸಲ ಹೇಳ್ಬೇಕು ಸಾಮಿ ನಿಂಗೆ?"

"ಅರ್ಧಕ್ಕೆ ಬಿಟ್ಟು, ಒಳಗೆ ಹೋಗಿ, ಏನೋ ಕೆಲಸ ಮುಗಿಸಿಕೊಂಡು ವಾಪಸ್ ಬಂದ್ರೆ?"

"ನೀರು ಕುಡ್ಯಾಕೂ ಹೋಗಂಗಿಲ್ಲ. ಹೋದ್ರೆ ಹಾಸು ಹೋಯ್ತು."

"ರಾಮಾಂಜಿನಮ್ಮ, ಆ ಮಹಜರಿನ ನಕಲು ತೆಗಿ ತಾಯಿ. ನಾಲ್ಕನೇ ಸಾಲು ಓದು."

ಆ ಕಾಗದ ಯಾವುದೆಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದೂವರೆ ವರ್ಷದ ಹಿಂದೆ, ಎಪ್ಪತ್ತೊಂಬತ್ತರ ಸೆಪ್ಟೆಂಬರ್ ಹನ್ನೊಂದರಂದು, ಇದೇ ಮೇಗಳಹಟ್ಟಿಯ ಕ್ಯಾತಣ್ಣ ತನ್ನ ಮನೆಯೊಳಗೆ ಒನಕೆಯ ಪೆಟ್ಟಿನಿಂದ ಸತ್ತುಬಿದ್ದಿದ್ದ. ಹೊಡೆದವಳು ಹೆಂಡತಿ ಈರಕ್ಕನೇ ಎಂದು ಸೆಷನ್ಸ್ ಕೋರ್ಟು ಅವಳಿಗೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಅವತ್ತು ಪೊಲೀಸರು ಸ್ಥಳ ನೋಡಿ ಬರೆದ ಮಹಜರು ಇದು.

ಈರಕ್ಕನ ಅಪೀಲು ಬರುವ ಸೋಮವಾರ ಹೈಕೋರ್ಟಿನಲ್ಲಿ ವಿಚಾರಣೆಗೆ ಬರುತ್ತಿತ್ತು. ಇವತ್ತು ಶುಕ್ರವಾರ. "ಹೊಸದೊಂದು ಸಾಕ್ಷಿ ತನ್ನಿ, ಪ್ರಮಾಣ ಮಾಡಿದ ಹೇಳಿಕೆ ತನ್ನಿ. ಬರೀ ನನ್ನ ಬಾಯಿಂದ ಆಕೆ ಹೊರಗೆ ಬರೋದಿಲ್ಲ" ಅಂತ ಅಪೀಲು ನಡೆಸುತ್ತಿದ್ದ ಬೆಂಗಳೂರಿನ ವಕೀಲರು ರೇಣುಕಯ್ಯನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ರಾಮಾಂಜಿನಮ್ಮ ಕನ್ನಡಕ ಏರಿಸಿ ಓದಿದಳು. "ಮನೆಯ ಮುಂಭಾಗದ ಬೀದಿಯಲ್ಲಿ ಸುಮಾರು ಹದಿನಾರು ಮೊಳ ಉದ್ದದ ಕರಿ ಉಣ್ಣೆಯ ಹಾಸು, ಗಂಜಿ ಒಣಗಿ, ಎಳೆಗಳು ಬಿಡಿಬಿಡಿಯಾಗಿ ಇರುವುದು ಕಂಡುಬಂದಿರುತ್ತದೆ."

"ಇನ್ನೊಂದು ಸಲ. ಎಳೆಗಳು ಹೆಂಗಿದ್ವು?"

"ಬಿಡಿಬಿಡಿಯಾಗಿ."

ರೇಣುಕಯ್ಯ ತಾನು ಕೆಡಿಸಿದ ಹಾಸಿನ ಮೇಲೆ ಕೈ ಇಟ್ಟ. ಅದು ಬಿಡಿಯಾಗಿರಲಿಲ್ಲ. ಹಪ್ಪಳದ ಹಾಗೆ ಒಂದೇ ತುಂಡಾಗಿತ್ತು.

"ಈರಕ್ಕ ಕೋರ್ಟಿನಲ್ಲಿ ಹೇಳಿದ್ದು ಒಂದೇ ಮಾತು. 'ನಾನು ಬೆಳಿಗ್ಗೆಯಿಂದ ಹಾಸು ಸವರ್ತಿದ್ದೆ.' ಅಷ್ಟೇ. ಹಟ್ಟಿಯ ಹೆಣ್ಣುಮಗಳು, ಇದಕ್ಕೆ ಇಬ್ಬರು ಬೇಕು ಅನ್ನೋದನ್ನೂ ಬಾಯಿಬಿಟ್ಟು ಹೇಳ್ಬೇಕು ಅಂತ ಅವಳಿಗೆ ಹೊಳೀಲೇ ಇಲ್ಲ. ಕರಿಕೋಟಿನೋರು ಕಂಬಳಿ ಹೊದ್ದೋರೇ ಹೊರತು ಮಾಡೋದನ್ನ ಕಂಡೋರಲ್ಲ. ಎದುರಿಗೆ ಯಾರು ನಿಂತಿದ್ರಮ್ಮ ಅಂತ ಒಬ್ಬರೂ ಕೇಳಲಿಲ್ಲ. ತೀರ್ಪಲ್ಲಿ ಏನಂತ ಬಂತು? ಹೊರಗಡೆ ಕೆಲಸದಲ್ಲಿದ್ದೆ ಅಂತಾಳೆ, ನೋಡಿದೋರು ಒಬ್ಬರೂ ಇಲ್ಲ."

"ನೋಡೋಕೆ ಯಾರಿದ್ರು ಸಾಮಿ?" ಅಂದಳು ಕರಿಯಕ್ಕ. "ಅವತ್ತು ಶಿರಾ ಸಂತೆ. ನಾನೂ ಹೋಗಿದ್ದೆ. ಹಟ್ಟಿಯೆಲ್ಲ ಖಾಲಿ."

"ಖಾಲಿ ಇದ್ದ ಹಟ್ಟಿಯಲ್ಲಿ ಎದುರು ಬದಿಗೆ ಒಂದು ಕೈ ಇತ್ತಲ್ಲ ಕರಿಯಕ್ಕ. ಯಾರ ಕೈ ಅದು?"

"ಯಾರ್ದೋ ಒಂದು ಕೈ ಅಂತ ಹೆಂಗಾಯ್ತದೆ? ಕುಂಚ ಎರಡೂ ಬದಿಗೂ ಒಂದೇ ದಿಕ್ಕಿಗೆ ಓಡ್ಬೇಕು, ಇಲ್ದಿದ್ರೆ ಎಳೆ ಕಿತ್ತು ಬರ್ತದೆ. ಎದುರಾಬದುರು ನಿಂತು ಒಂದೇ ದಿಕ್ಕಿಗೆ ಎಳೀಬೇಕಾದ್ರೆ ಒಬ್ಬರು ಬಲಗೈ, ಇನ್ನೊಬ್ಬರು ಎಡಗೈ. ಈರಕ್ಕಂದು ಬಲಗೈ. ಅವಳ ಎದುರಿಗೆ ನಿಲ್ಲಾಕೆ ಎಡಗೈಯೋರೇ ಬೇಕು. ಇಡೀ ಹಟ್ಟಿಗೆ ಎಡಗೈ ಓಡೋದು ಅಂದ್ರೆ..."

ಕರಿಯಕ್ಕನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಆ ಬಾಯಿ ತಾನಾಗಿ ಮುಚ್ಚಿದ್ದನ್ನು ಹಟ್ಟಿಯವರು ಯಾರೂ ಕಂಡಿರಲಿಲ್ಲ.

ಅವಳ ಕಣ್ಣು ಮಾತ್ರ ಪಕ್ಕದ ಮನೆಯ ಜಗಲಿಗೆ ಹೋಗಿಬಂತು. ಅಲ್ಲಿ ಈರಕ್ಕನ ಅತ್ತೆ ಗಿರಿಯಮ್ಮ ಇವರ ಕಡೆ ಬೆನ್ನು ಮಾಡಿ ಉಣ್ಣೆ ನೂಲುತ್ತಿದ್ದಳು. ಎರಡು ದಿನದಿಂದ ರೇಣುಕಯ್ಯನಿಗೆ ಅವಳು ತೋರಿಸಿದ್ದು ಆ ಬೆನ್ನೊಂದೇ. ಕೋರ್ಟಿನಲ್ಲಿ ಪೊಲೀಸರ ಪರ ಸಾಕ್ಷಿ ಹೇಳಿದವಳೂ ಅವಳೇ: ತಾನು ಶಿರಾ ಸಂತೆಗೆ ಹೋಗಿದ್ದೆ, ಮನೆಯಲ್ಲಿ ಉಳಿದದ್ದು ಮಗ, ಸೊಸೆ ಇಬ್ಬರೇ.

ರೇಣುಕಯ್ಯ ಏನೂ ಕಾಣದವನ ಹಾಗೆ ಮತ್ತೆ ಕುಂಚ ಅದ್ದಿದ.

"ಇರ್ಲಿ. ಹಾಸಿನ ಆ ತುದಿ ಇನ್ನೂ ಚೆನ್ನಾಗೈತೆ. ಅದನ್ನೂ ಒಂದು ಕೈ ನೋಡ್ತೀನಿ."

"ಅಯ್ಯಯ್ಯೋ! ಬ್ಯಾಡ ಸಾಮಿ!"

ಸಳ್ ಎಂದು ಗಂಜಿ ಬಿತ್ತು. ಕುಂಚ ಅಡ್ಡಡ್ಡಲಾಗಿ ಓಡಿತು. ನಾಲ್ಕೈದು ಎಳೆ ಪಟಪಟ ಕಿತ್ತವು.

ಜಗಲಿಯ ಮೇಲಿನ ಬೆನ್ನು ಅಲುಗಾಡಿತು. ಇನ್ನೊಂದು ಪಟ್ ಅಂದಿತು. ಗಿರಿಯಮ್ಮ ಕದಿರನ್ನು ಎಸೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿರಬಿರನೆ ಬಂದು ರೇಣುಕಯ್ಯನ ಕೈಯಿಂದ ಕುಂಚ ಕಿತ್ತುಕೊಂಡಳು.

"ಕೈಯೋ ಕೊಡಲಿಯೋ ಅದು? ಬದುಕಿರೋ ಕುರಿ ಉಣ್ಣೆ ಕಣಯ್ಯ ಇದು! ಆಚೆ ನಿಂತ್ಕ! ಲೇ ಕರಿ, ನೀನ್ಯಾಕೆ ಕಂಬ ಆದೆ? ಎಳಿ ನಿನ್ನ ಕಡೆ!"

ಎರಡು ಕುಂಚ ಜೊತೆಯಾಗಿ ಓಡಿದವು. ಕರಿಯಕ್ಕನದು ಬಲಗೈ. ಗಿರಿಯಮ್ಮನದು ಎಡಗೈ. ಅಂಟಿದ ಎಳೆಗಳು ಒಂದೊಂದಾಗಿ ಬಿಡಿಸಿಕೊಂಡು, ಬಿಸಿಲಿಗೆ ಮಿರಮಿರನೆ ಮಿಂಚತೊಡಗಿದವು.

ರೇಣುಕಯ್ಯ ಆ ಎಡಗೈಯನ್ನೇ ನೋಡುತ್ತ ನಿಂತ. ಆಮೇಲೆ ಕಲ್ಲಿನ ಮೇಲೆ ಕೂತು ಮೀಸೆಯ ಗಂಜಿ ಒರೆಸಿಕೊಂಡ. ಹಾಸು ಈಗ ಪೂರ್ತಿ ಒದ್ದೆ. ಗಿರಿಯಮ್ಮ ಇನ್ನು ಒಂದು ಗಳಿಗೆ ಎಲ್ಲಿಗೂ ಎದ್ದುಹೋಗುವ ಹಾಗಿರಲಿಲ್ಲ. ಎರಡು ದಿನದಿಂದ ಸಿಗದ ಬಾಯಿ ತಾನಾಗಿ ಬಂದು ಎದುರಿಗೆ ನಿಂತಿತ್ತು.

"ಗಿರಿಯಮ್ಮ, ಆವತ್ತು ಶಿರಾ ಸಂತೆಯಿಂದ ಏನು ತಂದೆ?"

"ಏನೋ ತಂದೆ. ನಿಂಗ್ಯಾಕೆ?"

"ಕೋರ್ಟಿನಲ್ಲಿ ಉಪ್ಪು ಅಂದಿದ್ದೀಯ."

"ಹೂಂ, ಉಪ್ಪು."

"ಎಷ್ಟು?"

"ನಾಲ್ಕು ಸೇರು."

"ತಪ್ಪು ನಂದೇ ತಾಯಿ. ನೀನು ಕೋರ್ಟಿನಲ್ಲಿ ಅಂದಿರೋದು ಮಡಕೆ."

ರಾಮಾಂಜಿನಮ್ಮ ಕಾಗದ ತಿರುವಿ ನೋಡಿ, "ಅವುನು, ಎರಡು ಮಡಕೆ, ಒಂದು ಮುಚ್ಚಳ" ಅಂದಳು.

"ಮಡಕೇಲಿ ಉಪ್ಪು ಹಾಕ್ಕಂಡು ಬಂದೆ!" ಗಿರಿಯಮ್ಮ ಗುಡುಗಿದಳು.

ಕರಿಯಕ್ಕನಿಗೆ ಕಿಸಕ್ಕನೆ ನಗು ಬಂತು. "ಅಕ್ಕ, ನಾನು ಸಂತೆಯೆಲ್ಲ ಸುತ್ತಿದ್ನಲ್ಲ ಅವತ್ತು. ನಿನ್ನ ಕಾಣ್ಲೇ ಇಲ್ವಲ್ಲ?"

"ನೀನು ಬಳೆ ಅಂಗಡಿ ಮುಂದೆ ಬಾಯಿ ಬಿಟ್ಕಂಡು ನಿಂತಿದ್ದಿರ್ಬೇಕು. ಸುಮ್ಕೆ ಎಳಿ!"

ರೇಣುಕಯ್ಯ ದನಿ ತಗ್ಗಿಸಿದ. "ಗಿರಿಯಮ್ಮ, ಮೊನ್ನೆ ಜೈಲಿಗೆ ಹೋಗಿದ್ದೆ. ಈರಕ್ಕನಿಗೆ ಅಲ್ಲಿ ಚಾಪೆ ಹೆಣೆಯೋ ಕೆಲಸ ಕೊಟ್ಟವ್ರೆ. ಊರಿಗೆ ಏನಾದ್ರೂ ಹೇಳ್ಬೇಕಾ ಅಂದೆ. 'ನಮ್ಮತ್ತೆಗೆ ಬಲಗಡೆ ಭುಜ ನೋಯ್ತದೆ, ಎಳ್ಳೆಣ್ಣೆ ತಿಕ್ಕೋಕೆ ಯಾರೂ ಇಲ್ಲ, ಕರಿಯಕ್ಕಂಗೆ ಹೇಳಿ' ಅಂದ್ಲು. ಬೇರೇನೂ ಕೇಳಲಿಲ್ಲ."

ಎಡಗೈ ನಿಂತಿತು.

"ಕೈ ನಿಲ್ಲುಸ್ಬ್ಯಾಡ ಕಣಕ್ಕ, ಅಂಟ್ಕಂತದೆ!" ಕರಿಯಕ್ಕ ಅತ್ತ ಕಡೆಯಿಂದ ಚೀರಿದಳು.

ಕೈ ಮತ್ತೆ ಓಡಿತು. ಗಿರಿಯಮ್ಮನ ಕಣ್ಣು ಒದ್ದೆ, ಹಾಸೂ ಒದ್ದೆ. ಗಂಟಲು ಮಾತ್ರ ಗಟ್ಟಿಯಾಗಿತ್ತು.

"ನಾನೇ ಕಣಯ್ಯ. ಇಂಗೇ ನಿಂತಿದ್ದೆ, ಇದೇ ಜಾಗದಾಗೆ. ಬಿಸಿಲು ಏರೋಗಂಟ ಸವರಿದ್ವಿ. ನನ್ನ ಸೊಸೆ ಒಂದು ಹೆಜ್ಜೆ ಒಳಕ್ಕೆ ಇಡಲಿಲ್ಲ. ಹಾಸು ಒಣಗಿದ ಮ್ಯಾಲೆ ಮುದ್ದೆಗೆ ಎಸರಿಡ್ತೀನಿ ಅಂತ ಹೋದ್ಲು. ಹೋಗಿ ಚೀರ್ಕಂಡ್ಲು. ನಾನು ಹೋಗೋ ಹೊತ್ಗೆ ಗಂಡನ ತಲೆ ತೊಡೆ ಮ್ಯಾಲೆ ಹಾಕ್ಕಂಡು ಕೂತಿದ್ಲು. ಸೀರೆ ರಕ್ತ ಆಗಿದ್ದು ಆವಾಗ."

"ಮತ್ತೆ ಕೋರ್ಟಿನಲ್ಲಿ ಸುಳ್ಳು ಯಾಕೆ?"

"ಇಬ್ರೂ ಹೊರಗಿದ್ವಿ ಅಂದ್ರೆ ಒಳಕ್ಕೆ ಬಂದೋನು ಯಾರು ಅಂತ ಕೇಳ್ತಾರಲ್ಲ ಸಾಮಿ! ನನ್ನ ಚಿಕ್ಕಮಗ ದಾಸಣ್ಣ. ಹಿಂದಿನ ವಾರ ಮಂದೆ ಪಾಲು ಮಾಡೋ ವಿಚಾರಕ್ಕೆ ಅಣ್ಣತಮ್ಮ ಕೈಕೈ ಹಿಡ್ಕಂಡಿದ್ರು. ಅವತ್ತು ಅವನು ಹಿತ್ತಲ ಬೇಲಿ ಹಾರಿ ಓಡಿಹೋದ್ನಂತೆ, ಕಂಡೋರು ಹೇಳಿದ್ರು. ಎರಡು ಹೆತ್ತೆ. ಒಂದು ಹೋಯ್ತು. ಇನ್ನೊಂದನ್ನ ನೇಣಿಗೆ ಕೊಡ್ಲಾ? ಹೆಂಗಸಾದ್ರೆ ಜಡ್ಜು ಕನಿಕರ ತೋರಿಸಿ ಬುಡ್ತಾರೆ ಅಂದ್ರು. ಜೈಲಿಗೆ ಹೋಗಿ ಈರಿ ಕೈ ಹಿಡ್ಕಂಡೆ. 'ಆಗ್ಲಿ ಅತ್ತೆ, ನೀವು ಸಂತೆಗೆ ಹೋಗಿದ್ರಿ' ಅಂದ್ಲು. ಅಷ್ಟೇ ಅಂದಿದ್ದು."

"ಈಗ ದಾಸಣ್ಣ ಎಲ್ಲವ್ನೆ?"

"ಆಂಧ್ರದ ಕಡೆ ಮಂದೆ ಹೊಡ್ಕಂಡು ಹೋದೋನು ಅತ್ಲಾಗೇ. ಮುಖ ತೋರಿಸಿಲ್ಲ. ಮುಖ ಹೆಂಗೆ ತೋರಿಸ್ತಾನೆ? ನಗಾಡ್ದ್ರೆ ಸಿಳ್ಳೆ ಹೊಡೀತಿತ್ತು ನನ್ನ ಮಗ. ಮುಂದಿನ ಎರಡು ಹಲ್ಲು ಟಗರು ಗುಮ್ಮಿ ಹೋಗಿದ್ವು."

ಜಗಲಿಯ ಮೇಲೆ ಧಡ್ ಎಂದು ಸದ್ದಾಯಿತು. ರಾಮಾಂಜಿನಮ್ಮ ಎದ್ದು ನಿಂತಿದ್ದಳು.

"ಏಂದೀ? ಸಿಳ್ಳೆ ದಾಸಣ್ಣನಾ? ಕೊರಳಿಗೆ ಕೆಂಪು ವಸ್ತ್ರ ಸುತ್ಕೋತಾನಾ?"

"ನಿಂಗೆ ಹೆಂಗೆ ಗೊತ್ತು ತಾಯಿ?"

"ಅಯ್ಯೋ ದೇವುಡಾ! ನಮ್ಮೂರು ತಿರುಮಣಿ ಕಣಮ್ಮ, ಪಾವಗಡದ ಆ ಕಡೆ. ನಮ್ಮ ತಂಗಿ ಹೊಲದಲ್ಲಿ ಮಂದೆ ನಿಲ್ಲಿಸಿದ್ದ ಅವನು, ಗೊಬ್ಬರಕ್ಕೆ. ಸೆಪ್ಟೆಂಬರ್ ಹನ್ನೊಂದು ನಮ್ಮ ತಂಗಿ ಮಗೂಗೆ ನಾಮಕರಣ. ನಾನು ಆಫೀಸಿಗೆ ರಜಾ ಹಾಕಿ ಹೋಗಿದ್ದೆ. ಹೊತ್ತು ಹುಟ್ಟೋ ಹೊತ್ತಿಗೆ ನೋಡ್ತೀವಿ, ಚಪ್ಪರಕ್ಕೆ ಕಟ್ಟಿದ್ದ ಮಾವಿನ ಸೊಪ್ಪೆಲ್ಲ ನಿನ್ನ ಮಗನ ಕುರಿ ತಿಂದ್ಬಿಟ್ಟಿದ್ವು! ನಮ್ಮಮ್ಮ ಪೊರಕೆ ಹಿಡಿದು ಅಟ್ಟಿಸ್ಕೊಂಡು ಹೋದ್ಲು. ಅವನು ನಗ್ತಾನೆ, ಸಿಳ್ಳೆ ಬರ್ತದೆ. ಕುರಿಗಳು ಕರೀತಾನೆ ಅಂದ್ಕೊಂಡು ಇನ್ನೂ ಚಪ್ಪರದೊಳಕ್ಕೇ ನುಗ್ತವೆ! ಕೊನೆಗೆ ಅವನ ಕೈಲೇ ಹೊಸ ಸೊಪ್ಪು ತರಿಸಿ ಕಟ್ಟಿಸಿ, ಹೋಳಿಗೆ ಹಾಕಿ, ಸಾಯಂಕಾಲದವರೆಗೂ ಕೆಲಸ ಮಾಡಿಸಿದ್ವಿ. ಇಪ್ಪತ್ತು ಜನ ಸಾಕ್ಷಿ. ಬೇಕಾದ್ರೆ ಪೊರಕೇನೂ ತರಿಸ್ತೀನಿ!"

ಕುಂಚಗಳು ಸರ್ ಸರ್ ಎಂದು ಓಡುತ್ತಿದ್ದವು.

"ನನ್ನ ಮಗ ಇಲ್ಲಿ ಇರ್ಲೇ ಇಲ್ವಾ?"

"ಹೋಳಿಗೆ ತಿಂತಿದ್ದ ಕಣಮ್ಮ. ಒಂಬತ್ತು ತಿಂದ. ನಮ್ಮಮ್ಮ ಎಣಿಸಿದ್ಲು."

ಗಿರಿಯಮ್ಮ ನಕ್ಕಳು. ನಗುವುದಕ್ಕೆ ಹೋಗಿ ಅತ್ತಳು, ಅಳುವುದಕ್ಕೆ ಹೋಗಿ ಮತ್ತೆ ನಕ್ಕಳು. ಎಡಗೈ ನಿಲ್ಲಲಿಲ್ಲ. ಬಲಗೈಯಿಂದ ಮೂಗೊರೆಸಿಕೊಂಡು ಗಂಜಿಯನ್ನೆಲ್ಲ ಕೆನ್ನೆಗೆ ಬಳಿದುಕೊಂಡಳು. ಎದುರಿಗಿದ್ದ ಕರಿಯಕ್ಕನೂ ಗೊಳೋ ಅಂದಳು.

"ಹಂಗಾದ್ರೆ ಅವನು ಬರದೇ ಇದ್ದುದ್ಯಾಕೆ?"

"ಅತ್ತಿಗೆ ಕೊಂದ್ಲು, ಅವ್ವ ಸಾಕ್ಷಿ ಹೇಳಿದ್ಲು ಅಂತ ಕೇಳಿದ ಮಗ ಯಾವ ಮನೆಗೆ ಬರ್ತಾನೆ ಗಿರಿಯಮ್ಮ?" ಅಂದ ರೇಣುಕಯ್ಯ. "ಬರ್ತಾನೆ ಬಿಡು, ಈಗ ಬರ್ತಾನೆ. ಮೊದಲು ನೀನು ಬರಬೇಕು. ಸುಳ್ಳು ಸಾಕ್ಷಿ ಹೇಳಿದ್ದೆ ಅಂತ ನೀನೇ ಒಪ್ಪಿಕೊಂಡ ಹಾಗಾಗ್ತದೆ. ಕೋರ್ಟು ನಿನ್ನನ್ನ ಸುಮ್ಮನೆ ಬಿಡ್ತದೆ ಅಂತ ನಾನು ಹೇಳೋಕಾಗಲ್ಲ."

"ಬುಡದಿದ್ರೆ ಈರಿ ಬುಟ್ಟೋದ ಚಾಪೆ ನಾನು ಹೆಣೀತೀನಿ. ಎಡಗೈಲಿ ಹೆಣೆದ್ರೆ ಆಗಕಿಲ್ಲ ಅಂತಾರಾ? ಬರ್ಕ ತಾಯಿ. ಎಲ್ಲ ಬರ್ಕ."

ರಾಮಾಂಜಿನಮ್ಮ ಬುಟ್ಟಿಯಿಂದ ಟೈಪ್‌ರೈಟರ್ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಎರಡು ಹಾಳೆ, ಮಧ್ಯೆ ಕಾರ್ಬನ್. ಹನ್ನೊಂದು ವರ್ಷದ ಅಭ್ಯಾಸ ಅದು: ಮೇಲಿನದು ಕೋರ್ಟಿಗೆ, ಕೆಳಗಿನದು ಮಧುಗಿರಿಯಲ್ಲಿ ಅವಳ ಆಫೀಸಿನ ಯಜಮಾನರಾದ ವಕೀಲ ಶಂಕರಲಿಂಗಪ್ಪನವರಿಗೆ. ಕೆಳಗಿನ ಕೋರ್ಟಿನಲ್ಲಿ ಈರಕ್ಕನ ಪರ ವಾದಿಸಿ ಸೋತವರು ಅವರೇ. "ಆ ಹುಡುಗಿ ಹೊರಗೆ ಬಂದರೆ ನನಗೂ ನಿದ್ದೆ ಬರುತ್ತೆ ರೇಣುಕಯ್ಯ, ಟೈಪಿಸ್ಟು, ಮಿಷನ್ನು ಎರಡೂ ತಗೊಂಡು ಹೋಗು" ಅಂತ ಕಳಿಸಿಕೊಟ್ಟವರೂ ಅವರೇ.

ಟಕಟಕ ಶುರುವಾಯಿತು. ಗಿರಿಯಮ್ಮನ ಒಂದೊಂದು ಮಾತಿಗೆ ಒಂದೊಂದು ಸಾಲು. ಹಾಸು ಅರ್ಧ ಒಣಗಿತು. ಕರಿಯಕ್ಕ ಮಧ್ಯೆ ಮಧ್ಯೆ "ನನ್ನ ಹೆಸರೂ ಹಾಕವ್ವ, ಕರಿಯಕ್ಕ ಕೋಂ ಮಾರಣ್ಣ" ಅನ್ನುತ್ತಿದ್ದಳು.

"ಒಂದು ಬಿಟ್ಟುಹೋಯ್ತು," ಅಂದ ರೇಣುಕಯ್ಯ. "ದಾಸಣ್ಣ ಬೇಲಿ ಹಾರಿದ್ದು ಕಂಡೆ ಅಂತ ನಿನಗೆ ಹೇಳಿದೋರು ಯಾರು? ತಿರುಮಣೀಲಿ ಹೋಳಿಗೆ ತಿಂತಿದ್ದೋನನ್ನ ಇಲ್ಲಿ ಬೇಲಿ ಹಾರಿಸಿದ ಪುಣ್ಯಾತ್ಮ ಯಾರು?"

"ಅಯ್ಯೋ, ಅವರು ನಂಗೆ ಉಪಕಾರ ಮಾಡಿದೋರು. ಸಂತೆಗೆ ಹೋಗಿದ್ದೆ ಅಂತ ಹೇಳು ಅಂದವ್ರೂ ಅವ್ರೇಯ. ಹೆಂಗಸಾದ್ರೆ ಬುಡ್ತಾರೆ ಅಂದವ್ರೂ ಅವ್ರೇಯ. ಓದಿದೋರು, ದೊಡ್ಡೋರು."

"ಹೆಸರು?"

"ಈ ತಾಯಿ ಯಜಮಾನ್ರು. ಶಂಕರಲಿಂಗಪ್ಪನೋರು."

ಟಕಟಕ ನಿಂತಿತು.

ರಾಮಾಂಜಿನಮ್ಮನ ಹತ್ತು ಬೆರಳೂ ಮಿಷನ್ನಿನ ಮೇಲೆ ಹಾಗೇ ಉಳಿದವು. ಆಮೇಲೆ ಅವಳು ಹಾಳೆಗಳನ್ನು ಹೊರಗೆಳೆದು, ಮಧ್ಯದ ಕಾರ್ಬನ್ ತೆಗೆದು, ಕೆಳಗಿನ ಹಾಳೆಯನ್ನೂ ಸೇರಿಸಿ ನಾಲ್ಕು ಮಡಿಕೆ ಮಾಡಿ ಬುಟ್ಟಿಯ ತಳಕ್ಕೆ ಹಾಕಿದಳು. ಮೇಲಿನ ಹಾಳೆಯೊಂದನ್ನೇ ಮತ್ತೆ ಏರಿಸಿದಳು.

ರೇಣುಕಯ್ಯ ಕಲ್ಲಿನಿಂದ ಎದ್ದು ಹಾಸಿನ ಹತ್ತಿರ ಬಂದ.

"ಅಂದ್ರೆ, ಕೊಲೆ ಆಯ್ತು ಅಂತ ಗೊತ್ತಾದ ಮೇಲೆ ಅವರು ಬಂದು ನಿನಗೆ ಇದನ್ನೆಲ್ಲ ಹೇಳಿಕೊಟ್ರು?"

"ಆಮ್ಯಾಕೂ ಬಂದ್ರು. ಅದಕ್ಕೆ ಮೊದಲೂ ಬಂದಿದ್ರಲ್ಲ. ಅವತ್ತೇ ಹೊತ್ತಾರೆ, ಹಾಸಿನ ಮ್ಯಾಲೆ ಇನ್ನೂ ಗಂಜಿ ಇಕ್ಕಿರ್ಲಿಲ್ಲ. ಈರಿ ಬೀದೀಲಿ ಗೂಟ ಬಿಗೀತಿದ್ಲು. ನಾನು ಗಂಜಿ ಮಡಕೆ ತರಾಕೆ ಒಳಕ್ಕೆ ಹೋದೆ. ಹಿತ್ತಲ ಬಾಗಿಲಿಂದ ಬಂದಿದ್ರೇನೋ, ಮಂಚದ ಮ್ಯಾಲೆ ನನ್ನ ಮಗನ ಪಕ್ಕದಾಗೆ ಕೂತು ಕಡ್ಲೆಪುರಿ ತಿಂತಿದ್ರು."

"ನಿನ್ನ ನೋಡಿದ್ರಾ?"

"ನೋಡದೇ ಏನು? ಮಾತಾಡಿಸಿದ್ರಲ್ಲ."

"ಏನಂದ್ರು ಗಿರಿಯಮ್ಮ? ನೆನಪು ಮಾಡ್ಕೊಂಡು, ಅವರು ಅಂದ ಹಂಗೇ ಹೇಳು."

ಗಿರಿಯಮ್ಮ ಕುಂಚವನ್ನು ತುದಿಯವರೆಗೂ ಎಳೆದು ನಿಲ್ಲಿಸಿದಳು.

"'ಗಿರಿಯಮ್ಮ, ನೀನು ಇವತ್ತು ಶಿರಾ ಸಂತೆಗೆ ಹೋಗಿದ್ದೀಯ, ಅಲ್ವಾ?' ಅಂದ್ರು. ಮಡಕೆ ಹಿಡ್ಕಂಡು ಅವ್ರ ಮುಂದೇನೇ ನಿಂತಿದೀನಿ ನಾನು! ತಮಾಸೆಗೆ ಅಂತಾವ್ರೆ ಅಂತ ನಕ್ಕುಬುಟ್ಟೆ."

"ಮತ್ತೆ ಕ್ಯಾತಣ್ಣ?"

"ಅವನೂ ನಕ್ಕ."